ಯಾಲಿಂಗಳ ಮತ, ನನ್ನ ಸಂಕ್ರಾಂತಿ

ಎಳ್ಳು ಹುರಿಯುವ ವಾಸನೆ ಬಂದರೆ ನಮ್ಮವರಿಗೆಲ್ಲ ಸಂಕ್ರಾಂತಿ ನೆನಪಾಗುತ್ತದೆ. ನನಗೆ ತೈವಾನಿನ ಚುನಾವಣೆ ನೆನಪಾಗುತ್ತದೆ.

ಮೊನ್ನೆ ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸಿನಲ್ಲಿ, ಹೊಗೆಗೆ ಅಲಾರಂ ಕಿರುಚದಿರಲೆಂದು ಕಿಟಕಿ ತೆಗೆದಿಟ್ಟು, ಬಾಣಲೆಯ ಎಳ್ಳಿಗೆ ಕೈಯಾಡಿಸುತ್ತಾ ನಿಂತಿದ್ದೆ. ಹೊರಗೆ ಜನವರಿಯ ಜಿಟಿಜಿಟಿ ಮಳೆ. ತಲೆಯ ಮೇಲೆ ಏರ್‌ಪೋರ್ಟಿಗೆ ಇಳಿಯುವ ವಿಮಾನದ ಸದ್ದು. ಎಳ್ಳು ಚಟಪಟ ಅನ್ನತೊಡಗಿ ವಾಸನೆ ಮೂಗಿಗೆ ಬಂದದ್ದೇ ತಡ, ಎರಡು ವರ್ಷದ ಹಿಂದಿನ ಚಳಿಗಾಲ ಎದುರಿಗೆ ಬಂದು ನಿಂತಿತು. ಪಕ್ಕದಲ್ಲಿ ಕೊಬ್ಬರಿ ಹೆಚ್ಚಲು ತೆಗೆದಿಟ್ಟ ಚಾಕು ಯಾಲಿಂಗ್ ಕೊಟ್ಟದ್ದು. ಬೇರೆ ಚಾಕು ಮನೆಯಲ್ಲಿ ಇಲ್ಲವೆಂದಲ್ಲ. ಆ ಚಾಕುವಿನಷ್ಟು ಚೆನ್ನಾಗಿ ಬೆಲ್ಲದ ಅಚ್ಚನ್ನು ಸಣ್ಣಗೆ ಹೆಚ್ಚುವುದು ಇನ್ನೊಂದಿಲ್ಲ, ಅದೂ ನನಗೆ ಒಳಗೊಳಗೇ ಉರಿಯುವ ವಿಷಯವೇ.

ಯಾಲಿಂಗ್ ನಮ್ಮ ಆಫೀಸಿನವಳು, ತೈವಾನಿನವಳು. ನೆಟ್‌ವರ್ಕ್ ಉಪಕರಣ ಮಾಡುವ ಕಂಪನಿಯ ಒಂದೇ ಟೀಮಿನಲ್ಲಿ ಅಕ್ಕಪಕ್ಕದ ಮೇಜು ನಮ್ಮದು. ಒಂದೇ ವಯಸ್ಸು, ಒಂದೇ ದರ್ಜೆ, ಇಬ್ಬರಿಗೂ ಒಂದೊಂದು ಹೆಣ್ಣುಮಗು. ನನಗೆ ಅರಮನೆಯವರ ಮೇಲೆ ಎಂದೂ ಹೊಟ್ಟೆಕಿಚ್ಚಾಗಿಲ್ಲ. ಮೈಸೂರಿನಲ್ಲಿ ಹುಟ್ಟಿ ಅರಮನೆ ನೋಡಿಕೊಂಡೇ ಬೆಳೆದವಳು ನಾನು. ಹೊಟ್ಟೆಕಿಚ್ಚಾದದ್ದು ಪಕ್ಕದ ಮೇಜಿನವಳ ಮೇಲೆ.

ಶುರುವಾದದ್ದು ಗ್ರೀನ್ ಕಾರ್ಡಿನಿಂದ. ನಾನು ಬಂದ ಎರಡು ವರ್ಷಕ್ಕೆ ಅವಳು ಈ ದೇಶಕ್ಕೆ ಬಂದಳು. ಅವಳ ಗ್ರೀನ್ ಕಾರ್ಡ್ ಬಂತು, ಸಿಟಿಜನ್ ಆದಳು, ಅಮೆರಿಕದ ಪಾಸ್‌ಪೋರ್ಟ್ ಕೈಸೇರಿತು. ನಾನು ಇನ್ನೂ ಸಾಲಿನಲ್ಲೇ ನಿಂತಿದ್ದೆ. ಇದರಲ್ಲೊಂದು ತಮಾಷೆ ಇದೆ. ಅಮೆರಿಕ ತೈವಾನನ್ನು ದೇಶವೆಂದು ಅಧಿಕೃತವಾಗಿ ಒಪ್ಪಿಲ್ಲ, ಅಲ್ಲಿರುವ ತನ್ನ ಕಚೇರಿಗೆ ರಾಯಭಾರ ಕಚೇರಿ ಎಂಬ ಬೋರ್ಡನ್ನೂ ಹಾಕುವುದಿಲ್ಲ. ಆದರೆ ಗ್ರೀನ್ ಕಾರ್ಡಿನ ವಿಷಯಕ್ಕೆ ಬಂದರೆ ತೈವಾನಿಗೆ ಚೀನಾದಿಂದ ಬೇರೆಯದೇ ಸಾಲು, ಅದೂ ಸರಸರ ಸಾಗುವ ಸಾಲು. ನಮ್ಮ ಭಾರತವನ್ನು ಎಲ್ಲರೂ ದೇಶ ಅನ್ನುತ್ತಾರೆ, ದೊಡ್ಡ ದೇಶ ಅನ್ನುತ್ತಾರೆ, ಸಾಲು ಮಾತ್ರ ಕದಲುವುದಿಲ್ಲ. ಮೇಲಾಗಿ ತೈವಾನ್ ತನ್ನವರ ಹಳೆಯ ಪಾಸ್‌ಪೋರ್ಟನ್ನು ಕಿತ್ತುಕೊಳ್ಳುವುದಿಲ್ಲ. ಅವಳ ಹತ್ತಿರ ಎರಡಿದ್ದವು. ನನ್ನದು ಒಂದೇ, ಅದರಲ್ಲೂ ವೀಸಾ ಮುದ್ರೆಯ ಅವಧಿ ಮುಗಿದಿತ್ತು, ಊರಿಗೆ ಹೋದರೆ ಹೊಸದು ಹಾಕಿಸಿಕೊಳ್ಳದೆ ವಾಪಸ್ ಬರುವಂತಿರಲಿಲ್ಲ.

ಅವಳ ಊರು ತೈವಾನಿನ ದೊಡ್ಡ ದ್ವೀಪದಲ್ಲಿಲ್ಲ. ಕಿನ್‌ಮೆನ್ ಎಂಬ ಚಿಕ್ಕ ದ್ವೀಪ, ಚೀನಾದ ದಡಕ್ಕೆ ಅಂಟಿಕೊಂಡಂತೆ ಇರುವಂಥದ್ದು. ಅವರ ಮನೆಯ ಮಹಡಿ ಹತ್ತಿದರೆ ಚೀನಾದ ಬಹುಮಹಡಿ ಕಟ್ಟಡಗಳು ಕಾಣುತ್ತವಂತೆ. ಅವಳ ಅಪ್ಪ ಹುಡುಗನಾಗಿದ್ದಾಗ ಆಚೆ ದಡದಿಂದ ಬೆಸ ತಾರೀಖಿನಂದು ಮಾತ್ರ ಶೆಲ್ ಬೀಳುತ್ತಿತ್ತಂತೆ, ಸಮ ತಾರೀಖಿಗೆ ಬಿಡುವು. ಅಮೆರಿಕ ಮತ್ತು ಚೀನಾ ಕೈಕುಲುಕಿದ 1979ರ ಹೊಸ ವರ್ಷದ ದಿನ ಶೆಲ್ ನಿಂತಿತು, ಅಂದೇ ಅಮೆರಿಕ ತೈವಾನಿನ ಕೈಬಿಟ್ಟಿತು. ಊರ ತುಂಬ ಬಿದ್ದಿದ್ದ ಶೆಲ್ಲಿನ ಉಕ್ಕನ್ನು ಆರಿಸಿ ಅಲ್ಲಿನ ಕಮ್ಮಾರರು ಅಡುಗೆಮನೆಯ ಚಾಕು ಮಾಡಿದರು, ಇವತ್ತಿಗೂ ಮಾಡುತ್ತಾರೆ. ನಮ್ಮ ಗೃಹಪ್ರವೇಶಕ್ಕೆ ಅವಳು ಅಂಥದ್ದೊಂದು ತಂದುಕೊಟ್ಟಿದ್ದಳು. ನನ್ನ ಗಂಡ ಶ್ರೀಧರ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, "ಹಿಸ್ಟರಿ ಕಣೇ ಇದು, ಹಿಸ್ಟರಿ!" ಎಂದು ಊಟದುದ್ದಕ್ಕೂ ಕೂಗಾಡಿದ. ನನ್ನ ಅಮ್ಮ ಮೈಸೂರಿನಿಂದ ಕಳಿಸಿದ ಬೆಳ್ಳಿ ಕುಂಕುಮದ ಭರಣಿಯನ್ನು ಯಾರೂ ಬೆಳಕಿಗೆ ಹಿಡಿಯಲಿಲ್ಲ.

ಇಷ್ಟೆಲ್ಲ ಇದ್ದರೂ ನಾವು ಗೆಳತಿಯರೇ. ಮಧ್ಯಾಹ್ನ ಆಫೀಸಿನ ಕೊಳದ ಸುತ್ತ, ಬಾತುಗಳ ಹಿಕ್ಕೆ ತುಳಿಯದಂತೆ ನೋಡಿಕೊಂಡು, ಇಬ್ಬರೂ ನಡೆಯುತ್ತಿದ್ದೆವು. 2023ರ ನವೆಂಬರಿನಲ್ಲಿ ಹಾಗೆ ನಡೆಯುವಾಗಲೇ ಅವಳು ಕೇಳಿದ್ದು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನೆನಪಾಗುವುದು ಮಾತ್ರ ಕನ್ನಡದಲ್ಲಿ.

"ರೇಖಾ, ಜನವರಿ ಹದಿಮೂರಕ್ಕೆ ನಮ್ಮ ಎಲೆಕ್ಷನ್. ಆ ವಾರ ನನ್ನ ಆನ್‌ಕಾಲ್ ಬಿದ್ದಿದೆ. ನೀನು ತಗೋತೀಯಾ?"

ಆನ್‌ಕಾಲ್ ಅಂದರೆ ನಮ್ಮಲ್ಲಿ ವಾರಪೂರ್ತಿ ಫೋನು ಕೈಯಲ್ಲಿ ಹಿಡಿದು ಕೂರುವ ಪಾಳಿ. ಎಲ್ಲೋ ಒಂದು ಆಸ್ಪತ್ರೆಯ ನೆಟ್‌ವರ್ಕ್ ಬಿದ್ದುಹೋದರೆ ಫೋನು ಕೂಗುತ್ತದೆ, ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ತೆರೆದಿರಬೇಕು. ಆ ಲ್ಯಾಪ್‌ಟಾಪನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಆ ಕೆಲಸ ಗೊತ್ತಿದ್ದವರು ಟೀಮಿನಲ್ಲಿ ಮೂವರು, ಮೂರನೆಯವನು ಮಗು ಹುಟ್ಟಿದ ರಜೆಯಲ್ಲಿದ್ದ. ಉಳಿದವರು ನಾವಿಬ್ಬರೇ.

ತೈವಾನಿನವರು ಪೋಸ್ಟಿನಲ್ಲಿ ಮತ ಹಾಕುವ ಹಾಗಿಲ್ಲ, ಬೇರೆ ದೇಶದಲ್ಲಿ ಕೂತು ಹಾಕುವ ಹಾಗೂ ಇಲ್ಲ. ತಮ್ಮ ಹೆಸರಿರುವ ಊರಿಗೇ ಹೋಗಿ, ಅಲ್ಲಿನ ಶಾಲೆಯಲ್ಲೇ ನಿಂತು ಮುದ್ರೆ ಒತ್ತಬೇಕು. ಯಾಲಿಂಗ್ ಅರ್ಜಿ ಹಾಕಿ ಪಟ್ಟಿಯಲ್ಲಿ ಹೆಸರು ಖಾತ್ರಿ ಮಾಡಿಕೊಂಡಿದ್ದಳು. ಮೂರು ವಿಮಾನ ಬದಲಿಸಿ ಹೋಗಿ ಅವಳಿಗೆ ಸಿಗುವುದು ಒಂದೇ ಒಂದು ಚೀಟಿ, ಅಧ್ಯಕ್ಷರದು.

"ಒಂದು ಚೀಟಿಗೆ ಅಷ್ಟು ದೂರ ಹೋಗ್ತೀಯಾ?" ಅಂದೆ.

"ಚೀಟಿಗಷ್ಟೇ ಅಲ್ಲ," ಅಂದಳು. ಹಿಂದಿನ ಚುನಾವಣೆಗೂ ಅವಳು ಹೋಗಿದ್ದಳು. ಅವಳ ಅಪ್ಪನದು ಚೀನಾದ ಜೊತೆ ಹೊಂದಿಕೊಂಡು ಹೋಗೋಣ ಅನ್ನುವ ಪಕ್ಷ. ಶೆಲ್ ತಿಂದು ಬೆಳೆದವರಿಗೆ ಇನ್ನೊಮ್ಮೆ ಶೆಲ್ ಬೇಡ, ಮನೆಯ ನಲ್ಲಿಯಲ್ಲಿ ಬರುವ ನೀರೂ ಈಗ ಆಚೆ ದಡದ್ದು ಅನ್ನುವುದು ಅವರ ವಾದ. ಇವಳದು ಚೀನಾ ಸದಾ ಬೈಯುವ ಇನ್ನೊಂದು ಪಕ್ಷ. ಮತಗಟ್ಟೆಯ ಅಂಗಳದಲ್ಲೇ ಅಪ್ಪ ಮಗಳಿಗೆ ಜಗಳವಾಗಿ, ನಾಲ್ಕು ವರ್ಷ ಮಾತೇ ಇರಲಿಲ್ಲ. ಈಗ ಅಪ್ಪ ತಾವಾಗಿಯೇ ಫೋನು ಮಾಡಿದ್ದರು. ಇಬ್ಬರೂ ಜೊತೆಯಲ್ಲಿ ಶಾಲೆಗೆ ನಡೆದುಹೋಗೋಣ, ನಿನ್ನದು ನೀನು ಒತ್ತು, ನನ್ನದು ನಾನು ಒತ್ತುತ್ತೇನೆ, ಆಮೇಲೆ ಕಡಲ ಸಿಂಪಿಯ ಆಮ್ಲೆಟ್ ತಿನ್ನೋಣ ಎಂದಿದ್ದರಂತೆ.

"ಆಯ್ತು, ನಾನು ತಗೋತೀನಿ ಬಿಡು," ಅಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದೆ. ಅವಳು ಅಂದು ಸಂಜೆಯೇ ಟಿಕೆಟ್ ಬುಕ್ ಮಾಡಿದಳು.

ಡಿಸೆಂಬರಿನಲ್ಲಿ ಎಲೆ ಉದುರಿ, ಪೈನ್ ಮರಗಳಷ್ಟೇ ಹಸಿರಾಗಿ ಉಳಿದು, ಆಕಾಶ ದಿನವಿಡೀ ಪಾತ್ರೆ ತೊಳೆದ ನೀರಿನ ಬಣ್ಣಕ್ಕಿರುತ್ತಿತ್ತು. ತೈವಾನಿನ ಮೇಲೆ ಚೀನಾದ ಬಲೂನು ಹಾರಿದ ಸುದ್ದಿ ದಿನಕ್ಕೊಂದು. ನಮ್ಮ ಮ್ಯಾನೇಜರ್ ಗ್ರೆಗ್, ಹೆಸರಿಗೆ ಮ್ಯಾನೇಜರ್, ಮನಸ್ಸಿನಲ್ಲಿ ವಿದೇಶಾಂಗ ಸಚಿವ. ಬೆಳಗಿನ ಮೀಟಿಂಗಿನಲ್ಲಿ ಕೆಲಸದ ಮಾತು ಎರಡು ನಿಮಿಷ, ಯಾಲಿಂಗಳಿಗೆ ಪ್ರಶ್ನೆ ಹತ್ತು ನಿಮಿಷ. ಯುದ್ಧ ಆಗುತ್ತಾ, ಅಮೆರಿಕ ಬರುತ್ತಾ, ಚಿಪ್ ಫ್ಯಾಕ್ಟರಿಗಳ ಗತಿ ಏನು. ಅದೇ ತಿಂಗಳು ನಾನು ಬೇಸಿಗೆಯಲ್ಲಿ ಐದು ವಾರ ಊರಿಗೆ ಹೋಗಬೇಕು, ವೀಸಾ ಸ್ಟಾಂಪಿಂಗ್ ಇದೆ ಅಂದಾಗ ಅವನು ಕ್ಯಾಲೆಂಡರ್ ನೋಡಿ, ತುಟಿ ಕಚ್ಚಿ, "ಐದು ವಾರಾನಾ? ನೋಡೋಣ" ಅಂದಿದ್ದ. ಯಾಲಿಂಗಳ ರಜೆಗೆ ಮಾತ್ರ ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. "ಡೆಮಾಕ್ರಸಿ!" ಅಂದ. ಎಲ್ಲರೂ ತಟ್ಟಿದರು. ನಾನೂ ತಟ್ಟಿದೆ, ಅಂಗೈ ನೋಯುವಷ್ಟು.

ಹೊಸ ವರ್ಷ ಕಳೆದು ಆಫೀಸು ತೆರೆದ ದಿನ ಅವನು ಪಿಜ್ಜಾ ತರಿಸಿ, ಬೇರೆ ಟೀಮಿನವರನ್ನೂ ಕರೆದು, ಯಾಲಿಂಗಳ ಕೈಯಲ್ಲಿ ಬೋರ್ಡಿನ ಪೆನ್ನು ಕೊಟ್ಟು, "ವಿವರಿಸು" ಅಂದ. ಅವಳು ದ್ವೀಪ ಬರೆದಳು, ಕಡಲು ಬರೆದಳು, ಮೂರು ಪಕ್ಷ ಬರೆದಳು. ಅಲ್ಲಿ ಮತ ಎಣಿಸುವಾಗ ಒಂದೊಂದೇ ಚೀಟಿಯನ್ನು ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿ, ಹೆಸರು ಕೂಗಿ, ಗೋಡೆಯ ಹಾಳೆಯಲ್ಲಿ ಗೆರೆ ಎಳೆಯುತ್ತಾರೆ, ಊರವರು ನಿಂತು ನೋಡಬಹುದು ಅಂದಳು. ಇಪ್ಪತ್ತು ಜನ ಪಿಜ್ಜಾ ಮರೆತು ಕೇಳಿದರು. ನಮ್ಮ ಕರ್ನಾಟಕದ ಅರ್ಧದಷ್ಟೂ ಜನರಿಲ್ಲದ ದ್ವೀಪ! ನನಗೆ ತಡೆಯಲಾಗಲಿಲ್ಲ.

"ಇಂಡಿಯಾದಲ್ಲೂ ಈ ವರ್ಷ ಎಲೆಕ್ಷನ್ ಇದೆ," ಅಂದೆ. "ವೋಟ್ ಹಾಕಿದವರ ಬೆರಳಿಗೆ ಹಚ್ಚೋ ಇಂಕ್ ಇದೆಯಲ್ಲ, ಇಡೀ ದೇಶಕ್ಕೆ ಅದನ್ನ ಮಾಡೋದು ನಮ್ಮೂರಲ್ಲೇ. ಮೈಸೂರಲ್ಲಿ."

"ಕೂಲ್!" ಅಂದ ಗ್ರೆಗ್. ಅಂದು, ಬೋರ್ಡಿನ ಕಡೆ ತಿರುಗಿ, "ಈ ಕಿನ್‌ಮೆನ್ ಇಂದ ಚೀನಾಗೆ ಈಜಬಹುದಾ?" ಎಂದು ಕೇಳಿದ.

ಮೀಟಿಂಗ್ ಮುಗಿದ ಮೇಲೆ ಯಾಲಿಂಗ್ ನನ್ನ ಪಕ್ಕ ಬಂದು, ಕೈಯ ಮಸಿ ಒರೆಸಿಕೊಳ್ಳುತ್ತಾ, "ಸಾಕಾಗಿದೆ ರೇಖಾ. ಮುಂದಿನ ವರ್ಷ ನಿನ್ನ ದೇಶ ಇರತ್ತಾ ಅಂತ ಊಟದ ಟೇಬಲ್‌ನಲ್ಲಿ ನಿನ್ನನ್ನ ಯಾರೂ ಕೇಳಲ್ಲ. ನಿನ್ನ ಪುಣ್ಯ" ಅಂದಳು. ಇವತ್ತು ಯೋಚಿಸಿದರೆ ಅದು ದಣಿದವಳ ಮಾತು. ಅವತ್ತು ನನ್ನ ಕಿವಿಗೆ ಬೀಗುವವಳ ಮಾತಿನ ಹಾಗೆ ಕೇಳಿಸಿತು. ನನ್ನನ್ನು ಯಾರೂ ಏನೂ ಕೇಳುವುದಿಲ್ಲ ಅನ್ನುವುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಸಂಜೆ ಮನೆಯಲ್ಲಿ ಇನ್ನೊಂದು. ಶ್ರೀಧರ ಆಫೀಸಿನಿಂದ ಬಂದವನೇ ಯೂಟ್ಯೂಬಿನಲ್ಲಿ ತೈವಾನಿನ ಚರ್ಚೆ ಹಾಕಿಕೊಂಡು ಕೂತ. "ಯಾಲಿಂಗ್ ಫ್ಲೈಟ್ ಯಾವತ್ತು? ಹೋಗೋ ಮುಂಚೆ ಊಟಕ್ಕೆ ಕರಿಯೇ. ಅವಳು ಎಕ್ಸ್‌ಪ್ಲೇನ್ ಮಾಡಿದ್ರೆ ಎಷ್ಟು ಕ್ಲಿಯರ್ ಆಗಿರತ್ತೆ."

"ನಾನೂ ದಿನಾ ಎಂಟು ಗಂಟೆ ಎಕ್ಸ್‌ಪ್ಲೇನ್ ಮಾಡ್ತೀನಿ, ನೀನು ಯಾವತ್ತಾದ್ರೂ ಕೇಳಿದ್ಯಾ?"

"ಅಯ್ಯೋ, ಅದು ರೂಟರ್ ವಿಷಯ ಕಣೇ," ಎಂದು ನಕ್ಕ. ಆಮೇಲೆ ಪಾಪ, ಸುಮ್ಮನೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಕೇಳಿದ: "ಅಂದ ಹಾಗೆ ನೀನು ಲಾಸ್ಟ್ ವೋಟ್ ಹಾಕಿದ್ದು ಯಾವಾಗ?"

ನನಗೆ ಉತ್ತರ ಗೊತ್ತಿತ್ತು. ಮದುವೆಗೆ ಮುಂಚೆ ಒಂದೇ ಒಂದು ಸಲ, ಅದೂ ಹೊಸ ಚೂಡಿದಾರ್ ಹಾಕಿಕೊಂಡು ಗೆಳತಿಯರ ಜೊತೆ ಹೋಗಲು. "ಅಡುಗೆಮನೆ ಲೈಟ್ ಆಫ್ ಮಾಡು" ಎಂದು ಹೇಳಿ ಎದ್ದು ಹೋದೆ.

ಮಾರನೆಯ ಬೆಳಿಗ್ಗೆ ಕಾರಿನಲ್ಲಿ ಸಿಗ್ನಲಿಗೆ ನಿಂತಾಗ ನೆಪ ತಾನಾಗಿಯೇ ಸಿಕ್ಕಿತು. ಆಫೀಸಿಗೆ ಹೋಗಿ ನೇರ ಅವಳ ಮೇಜಿನ ಮುಂದೆ ನಿಂತೆ.

"ಯಾಲಿಂಗ್, ಒಂದು ತಪ್ಪಾಗಿದೆ. ಆ ವಾರ ಸಂಕ್ರಾಂತಿ. ಆ ಮೂರು ದಿನ ನಾವು ಕೆಲಸ ಮುಟ್ಟೋ ಹಾಗಿಲ್ಲ. ಫೋನ್ ಕೂಡ."

ನಮ್ಮವರು ಓದಿದರೆ ನಗುತ್ತಾರೆ. ಇಲ್ಲಿ ನಮ್ಮ ಕನ್ನಡ ಸಂಘದ ಸಂಕ್ರಾಂತಿ ಯಾವ ಶನಿವಾರ ಹಾಲ್ ಖಾಲಿ ಇದೆಯೋ ಆ ಶನಿವಾರ ನಡೆಯುತ್ತದೆ. ಆ ವರ್ಷ ಫೆಬ್ರವರಿಯಲ್ಲಿತ್ತು. ಸೂರ್ಯ ಮಕರಕ್ಕೆ ಹೋಗಿ ಆಗಲೇ ಮೂರು ವಾರ, ನಾವು ಆಮೇಲೆ ನಿಧಾನವಾಗಿ ಕಬ್ಬು ಹಂಚುತ್ತೇವೆ. ಕೆಲಸ ಮುಟ್ಟಬಾರದು ಅನ್ನುವ ನಿಯಮ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಆದರೆ ಈ ದೇಶದಲ್ಲಿ ನಿಮ್ಮ ಹಬ್ಬದ ಬಗ್ಗೆ ನೀವು ಹೇಳಿದ್ದೇ ಶಾಸ್ತ್ರ. ತಿರುಗಿ ಕೇಳಲು ಎಲ್ಲರಿಗೂ ಸಂಕೋಚ.

"ನವೆಂಬರಲ್ಲಿ ಯಾಕೆ ಹೇಳಲಿಲ್ಲ?" ಅಂದಳು ಮೆಲ್ಲಗೆ.

"ಯಾವಾಗ್ಲೂ ಹದಿನಾಲ್ಕಕ್ಕೆ ಬರೋದು, ಈ ಸಲ ಹದಿನೈದಕ್ಕೆ ಹೋಗಿದೆ. ಪಂಚಾಂಗ ನೋಡಿದ್ದೇ ನಿನ್ನೆ." ತಾರೀಖಿನ ಮಾತು ನಿಜವಾಗಿತ್ತು. ಸುಳ್ಳಿಗೆ ಅಷ್ಟು ನಿಜ ಸಾಕಾಯಿತು. ಹದಿನೈದೇ ಆಗಿದ್ದರೂ ಹದಿಮೂರಕ್ಕೆ ಏನಡ್ಡಿ ಎಂದು ಅವಳು ಕೇಳಬಹುದಿತ್ತು, ಕೇಳಲಿಲ್ಲ. ಆನ್‌ಕಾಲ್ ಇಡೀ ವಾರದ್ದು, ಒಡೆಯಲು ಬರುವುದಿಲ್ಲ.

ಗ್ರೆಗ್‌ನ ಬಳಿ ಹೋದೆವು. "ಧಾರ್ಮಿಕ ಆಚರಣೆ" ಎಂಬ ಮಾತು ಕೇಳಿದೊಡನೆ ಅವನ ಮುಖ ಗಂಭೀರವಾಯಿತು. ಇನ್ನೊಂದು ಟೀಮಿನಿಂದ ಯಾರಾದರೂ ಸಿಗುತ್ತಾರಾ ಎಂದು ಎರಡು ದಿನ ಹುಡುಕಿದ, ಯಾರೂ ಸಿಗಲಿಲ್ಲ. ಆ ಎರಡು ದಿನ ಯಾಲಿಂಗ್ ಒಮ್ಮೆಯೂ ನನ್ನ ಕಡೆ ಮುಖ ಗಂಟು ಹಾಕಲಿಲ್ಲ. ಶುಕ್ರವಾರ ಟಿಕೆಟ್ ಕ್ಯಾನ್ಸಲ್ ಮಾಡಿ ನನ್ನ ಮೇಜಿಗೆ ಬಂದು, "ಪರವಾಗಿಲ್ಲ ರೇಖಾ. ಸೂರ್ಯನ ಹತ್ತಿರ ವಾದ ಮಾಡೋಕಾಗಲ್ಲ" ಅಂದಳು. ನನ್ನ ಬೆನ್ನು ತಟ್ಟಿ ಹೋದಳು.

ಖುಷಿಯಾಯಿತೇ ಅಂದರೆ, ಆಯಿತು. ಸುಳ್ಳು ಹೇಳಲಾರೆ. ಕಾರು ಪಾರ್ಕಿಂಗಿನಿಂದ ತೆಗೆಯುವವರೆಗೆ, ಸುಮಾರು ಐದು ನಿಮಿಷ, ತುಂಬ ಖುಷಿಯಾಯಿತು. ಹೆದ್ದಾರಿ ಸೇರುವಷ್ಟರಲ್ಲಿ ಅದು ಮುಗಿದಿತ್ತು.

ಹೇಳಿದ ಮೇಲೆ ಹಬ್ಬ ಮಾಡಲೇಬೇಕಾಯಿತು. ಪ್ರತಿ ವರ್ಷ ಇಂಡಿಯನ್ ಸ್ಟೋರಿನಿಂದ ಎಳ್ಳು-ಬೆಲ್ಲದ ಪ್ಯಾಕೆಟ್ ತಂದು ದೇವರ ಮುಂದಿಟ್ಟು ಕೈಮುಗಿಯುವವಳು ನಾನು. ಆ ವರ್ಷ ಎಲ್ಲ ಕೈಯಲ್ಲೇ. ಹದಿಮೂರರ ಶನಿವಾರ ಬೆಳಿಗ್ಗೆ ಎಳ್ಳು ಹುರಿದೆ, ಕಡಲೆಬೀಜ ಹುರಿದು ಸಿಪ್ಪೆ ತೆಗೆದೆ, ಆ ಚಾಕು ಹಿಡಿದು ಕೊಬ್ಬರಿ ಮತ್ತು ಬೆಲ್ಲ ಹೆಚ್ಚುತ್ತಾ ಕೂತೆ. ಶ್ರೀಧರ ಟಿ.ವಿ. ಮುಂದೆ. ಅಲ್ಲಿ ಆಗಲೇ ಸಂಜೆ ಕಳೆದು ಎಣಿಕೆ ಮುಗಿಯುತ್ತಾ ಬಂದಿತ್ತು.

ಮಗಳು ಅನನ್ಯಾ ಕೆಳಗಿಳಿದು ಬಂದು, "ಅಮ್ಮಾ, ಯೂ ಸೆಡ್ ನೋ ವರ್ಕ್ ಆನ್ ಸಂಕ್ರಾಂತಿ. ದಿಸ್ ಲುಕ್ಸ್ ಲೈಕ್ ವರ್ಕ್" ಅಂದಳು.

"ಸುಮ್ನೆ ಹಾಲು ಕುಡಿ," ಅಂದೆ.

"ಯಾಲಿಂಗ್ ಕಡೆಯವರು ಗೆದ್ರು ಕಣೇ!" ಎಂದು ಶ್ರೀಧರ ಕೂಗಿದ. "ಪಾರ್ಲಿಮೆಂಟಲ್ಲಿ ಮಾತ್ರ ಮೆಜಾರಿಟಿ ಹೋಯ್ತು. ಆದ್ರೂ ಪ್ರೆಸಿಡೆಂಟ್ ಇವರದೇ." ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಗೆದ್ದರಲ್ಲ, ಇನ್ನೇನು? ಅವಳ ಒಂದು ಚೀಟಿ ಇಲ್ಲದೆಯೂ ನಡೆದುಹೋಯಿತು. ಅಂದೇ ಅಮೆರಿಕದ ಅಧ್ಯಕ್ಷರನ್ನು ಪತ್ರಕರ್ತರು ಕೇಳಿದಾಗ ತೈವಾನಿನ ಸ್ವಾತಂತ್ರ್ಯವನ್ನು ನಾವು ಬೆಂಬಲಿಸುವುದಿಲ್ಲ ಎಂದರು. ಶ್ರೀಧರ ಟಿ.ವಿ.ಗೆ ಬೈದ. ನಾನು ಆ ಮಾತಿಗೂ ಒಂದಿಷ್ಟು ಸಮಾಧಾನಪಟ್ಟುಕೊಂಡೆ ಅಂದರೆ ನಾನು ಎಂಥವಳಾಗಿದ್ದೆ ನೋಡಿ.

ಮಂಗಳವಾರ ಸ್ಟೀಲ್ ಡಬ್ಬಿಯಲ್ಲಿ ಎಳ್ಳು-ಬೆಲ್ಲ, ಎರಡು ಸಕ್ಕರೆ ಅಚ್ಚು ಇಟ್ಟುಕೊಂಡು ಆಫೀಸಿಗೆ ಹೋದೆ. ಯಾಲಿಂಗಳ ಕಣ್ಣು ಕೆಂಪಗಿತ್ತು. ವಾರಾಂತ್ಯದಲ್ಲಿ ಫೋನು ಆರು ಸಲ ಕೂಗಿತ್ತಂತೆ. ಅದರ ಮೇಲೆ ಹಿಂದಿನ ದಿನವಷ್ಟೇ ಪೆಸಿಫಿಕ್‌ನ ಒಂದು ಪುಟ್ಟ ದ್ವೀಪದೇಶ ತೈವಾನಿನ ಸಂಬಂಧ ಕಡಿದು ಚೀನಾದ ಕಡೆ ಹೋಗಿತ್ತು. "ನಮ್ಮನ್ನ ದೇಶ ಅನ್ನೋರಲ್ಲಿ ಇನ್ನೊಬ್ಬರು ಕಮ್ಮಿ ಆದ್ರು" ಎಂದು ನಕ್ಕಳು.

"ಹೋಗಲಿ ಬಿಡು, ನಿಮ್ಮವರು ಗೆದ್ರಲ್ಲ," ಎನ್ನುತ್ತಾ ಡಬ್ಬಿ ಮುಂದೆ ಹಿಡಿದೆ. ಎಳ್ಳು-ಬೆಲ್ಲ ಕೊಡುವಾಗ ನಾವು ಹೇಳುವ ಮಾತೊಂದಿದೆಯಲ್ಲ, ಅದನ್ನು ಬಿಟ್ಟು ಬೇರೆಯದನ್ನು ಕೇಳಿದೆ. "ಅಪ್ಪ ಹೇಗಿದ್ದಾರೆ? ಒಬ್ಬರೇ ಹೋಗಿ ಹಾಕಿದ್ರಾ?"

ಅವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಇಲ್ಲ. ಅಪ್ಪ ಹೋಗಲಿಲ್ಲ."

"ಹುಷಾರಿಲ್ವಾ?"

"ಹುಷಾರಾಗಿದಾರೆ. ಫೋನ್ ಮಾಡಿ ಕೇಳಿದೆ. 'ನೀನು ಬಂದಿದ್ರೆ ನಿನ್ನದೊಂದು ನನ್ನದೊಂದು, ಸರಿಹೋಗ್ತಿತ್ತು. ನೀನು ಬರೋಕೆ ಆಗದೆ ಇರೋವಾಗ ನಾನೊಬ್ಬನೇ ಹೋಗಿ ಒತ್ತಿದ್ರೆ ನಿನಗೆ ಮೋಸ ಮಾಡಿದ ಹಾಗಲ್ವಾ' ಅಂದ್ರು." ಅವಳು ಇನ್ನೊಂದು ಚಿಟಿಕೆ ತೆಗೆದುಕೊಂಡಳು. "ಇಪ್ಪತ್ತೈದು ವರ್ಷದಲ್ಲಿ ಅವರು ಒಂದು ವೋಟ್ ಬಿಟ್ಟಿರಲಿಲ್ಲ. ಶಾಲೆ ಗೇಟಿನವರೆಗೂ ಹೋಗಿ ನಿಂತಿದ್ದು ಮನೆಗೆ ವಾಪಸ್ ಬಂದ್ರಂತೆ. ಇದು ಚೆನ್ನಾಗಿದೆ ರೇಖಾ. ಇದಕ್ಕೆ ಏನಂತಾರೆ?"

'ಎಳ್ಳು-ಬೆಲ್ಲ' ಎಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅತ್ತದ್ದು ಪಶ್ಚಾತ್ತಾಪದಿಂದ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಮರುಕ ಬರುತ್ತದೆ, ಆದರೆ ಅದು ಅರ್ಧ ಮಾತ್ರ ನಿಜ. ಉಳಿದರ್ಧ ಅದೇ ಹಳೆಯ ಹೊಟ್ಟೆಕಿಚ್ಚು. ಜಗಳವಾಡಿದ ಮಗಳಿಗೆ ಮೋಸವಾಗಬಾರದೆಂದು ತನ್ನ ಮತವನ್ನೇ ಬಿಟ್ಟುಕೊಡುವ ಅಪ್ಪ. ನಾನು ಅವಳಿಂದ ಒಂದು ಚೀಟಿ ಕಿತ್ತುಕೊಂಡರೆ ಅವಳಿಗೆ ಅದಕ್ಕಿಂತ ದೊಡ್ಡದು ಸಿಕ್ಕಿತ್ತು. ನನ್ನ ಕೈಯಾರೆ ನಾನೇ ಕೊಡಿಸಿದಂತಾಗಿತ್ತು.

ಮಾರ್ಚಿನ ಕೊನೆಗೆ ಪೈನ್ ಮರಗಳು ಹಳದಿ ಪುಡಿ ಉದುರಿಸಿ ಕಾರುಗಳ ಮೇಲೆಲ್ಲ ಅರಿಶಿನ ಚೆಲ್ಲಿದ ಹಾಗಾಗಿತ್ತು. ಕೊಳದ ಸುತ್ತ ಮತ್ತೆ ನಡೆಯುತ್ತಿದ್ದೆವು. ಅವಳು ಸೀನಿ, ಮೂಗು ಒರೆಸಿಕೊಂಡು, ಕೇಳಿದಳು.

"ಮೈಸೂರಿನ ಎಲೆಕ್ಷನ್ ಏಪ್ರಿಲ್ ಇಪ್ಪತ್ತಾರು. ನೋಡಿದೆ. ನೀನು ಯಾವತ್ತು ಹೊರಡ್ತೀಯಾ? ಆ ವಾರ ನಿನ್ನ ಆನ್‌ಕಾಲ್ ನಾನು ತಗೋತೀನಿ."

ನಾನು ನಿಂತುಬಿಟ್ಟೆ. ಅವಳ ಮುಖದಲ್ಲಿ ವ್ಯಂಗ್ಯವೇನಾದರೂ ಇದೆಯಾ ಎಂದು ಹುಡುಕಿದೆ. ಇರಲಿಲ್ಲ. ತನ್ನಂತೆಯೇ ನಾನೂ ಹೋಗುತ್ತೇನೆ ಎಂದೇ ಅವಳು ಅಂದುಕೊಂಡಿದ್ದಳು. ಹೋಗದೆ ಇರುವುದು ಅವಳ ಲೆಕ್ಕದಲ್ಲೇ ಇರಲಿಲ್ಲ.

"ನಮಗೂ ನಿಮ್ಮ ಥರಾನೇ," ಎಂದೆ. "ಊರಿಗೇ ಹೋಗಿ ಹಾಕಬೇಕು."

"ಅದಕ್ಕೇ ಕೇಳಿದ್ದು."

ಆ ಭಾನುವಾರ ಬೆಳಿಗ್ಗೆ ಮೈಸೂರಿಗೆ ಫೋನು ಮಾಡಿದೆ. ಅಪ್ಪ ಹೈಸ್ಕೂಲ್ ಮೇಷ್ಟರಾಗಿದ್ದವರು. ಮನೆಮನೆಗೆ ಹೋಗಿ ಮತದಾರರ ಪಟ್ಟಿ ತಿದ್ದುವ ಕೆಲಸವನ್ನು ಸರ್ಕಾರ ಮೇಷ್ಟರುಗಳಿಗೇ ಹೊರಿಸುತ್ತದೆ. ನಮ್ಮ ಸರಸ್ವತಿಪುರಂ ರಸ್ತೆಗಳನ್ನು ಅವರು ವರ್ಷಗಟ್ಟಲೆ ಆ ಪಟ್ಟಿ ಹಿಡಿದು ಸುತ್ತಿದ್ದರು.

"ಅಪ್ಪಾ, ವೋಟರ್ಸ್ ಲಿಸ್ಟಲ್ಲಿ ನನ್ನ ಹೆಸರಿದ್ಯಾ?"

"ಯಾರ ಹೆಸರು?"

"ನನ್ನದು."

"ಇಲ್ಲಮ್ಮ. ನೀನು ಹೋದ ಮೂರನೇ ವರ್ಷವೇ ತೆಗೆದೆವಲ್ಲ."

"ಯಾರು ತೆಗೆದಿದ್ದು?"

"ನಾನೇ ತೆಗೆದೆ ಪುಟ್ಟ. ಆ ಸಲ ನಮ್ಮ ಬೀದಿ ನನಗೇ ಬಂದಿತ್ತು. ಊರಲ್ಲಿಲ್ಲದವರ ಹೆಸರು ಇಟ್ಕೊಂಡ್ರೆ ಬೇರೆಯವರು ಬಂದು ಹಾಕ್ಬಿಡ್ತಾರೆ. ಎಲ್ಲರ ಮನೇದೂ ಹೊಡೆದುಹಾಕಿ ನನ್ನ ಮಗಳದೊಂದು ಉಳಿಸ್ಕೊಂಡ್ರೆ ಚೆನ್ನಾಗಿರತ್ತಾ?" ಆಮೇಲೆ, "ಹೊರದೇಶದಲ್ಲಿರೋರಿಗೆ ಬೇರೆ ಫಾರಂ ಇದೆ, ನೀನು ಕೇಳಿದ್ರೆ ಅವತ್ತೇ ತುಂಬಿಸ್ತಿದ್ದೆ. ಒಂದ್ಸಲಾನೂ ಕೇಳ್ಲಿಲ್ವಲ್ಲ ನೀನು" ಎಂದರು.

ಅವರ ದನಿಯಲ್ಲಿ ದೂರು ಇರಲಿಲ್ಲ. ಅವರದೂ ನ್ಯಾಯವೇ. ಕಿನ್‌ಮೆನ್‌ನ ಅಪ್ಪನದೂ ನ್ಯಾಯ, ಮೈಸೂರಿನ ಅಪ್ಪನದೂ ನ್ಯಾಯ. ಅಲ್ಲಿ ಮಗಳು ಬರುತ್ತಾಳೆಂದು ಕಾದಿದ್ದರು, ಇಲ್ಲಿ ಕಾಯಲು ನಾನು ಏನನ್ನೂ ಬಿಟ್ಟಿರಲಿಲ್ಲ. ಹನ್ನೆರಡು ವರ್ಷ ನನ್ನ ಹೆಸರಿಲ್ಲವೆಂಬುದು ನನಗೆ ಗೊತ್ತೇ ಇರಲಿಲ್ಲ. ಆಫೀಸಿನಲ್ಲಿ ಮಾತ್ರ ಆ ಶಾಯಿ ನಮ್ಮೂರಿನದು ಎಂದು ಎದೆಯುಬ್ಬಿಸಿದ್ದೆ.

ಯಾಲಿಂಗಳಿಗೆ "ಈ ಸಲ ಆಗಲ್ಲ, ವೀಸಾ ತೊಂದರೆ" ಅಂದೆ. ಅದೂ ಅರ್ಧ ನಿಜವೇ. ಅವಳು ನನಗಾಗಿ ಬೇಸರಪಟ್ಟುಕೊಂಡಳು, ಅದನ್ನು ನೋಡಲಾಗದೆ ನಾನು ಕೊಳದ ಬಾತುಗಳನ್ನು ನೋಡಿದೆ.

ಸಿಕ್ಕಿಬಿದ್ದದ್ದು ಮುಂದಿನ ಸಂಕ್ರಾಂತಿಗೆ. ಸುಳ್ಳು ಹೇಳಿದವಳಿಗೆ ಸುಳ್ಳು ನೆನಪಿರಲಿಲ್ಲ. 2025ರಲ್ಲಿ ಹಬ್ಬ ಮಂಗಳವಾರ ಬಂತು, ಆ ವಾರದ ಆನ್‌ಕಾಲ್ ನನ್ನದೇ. ಎಳ್ಳು-ಬೆಲ್ಲದ ಡಬ್ಬಿಯನ್ನು ಅವಳ ಮುಂದೆ ಹಿಡಿದಿದ್ದೇನೆ, ನನ್ನ ಸೊಂಟದ ಫೋನು ಕೂಗಿತು. ನಾನು ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಯಾವುದೋ ಆಸ್ಪತ್ರೆ, ಇಪ್ಪತ್ತು ನಿಮಿಷದ ಕೆಲಸ. ಮುಗಿಸಿ ತಲೆ ಎತ್ತಿದರೆ ಅವಳು ಡಬ್ಬಿಯನ್ನು ಮುಟ್ಟಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಇವತ್ತೇ ಅಲ್ವಾ ಸಂಕ್ರಾಂತಿ?"

"ಹೂಂ."

"ಈ ವರ್ಷ ಸೂರ್ಯ ರಜೆ ಕೊಟ್ಟಿದಾನಾ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅಧಿಕ ಮಾಸ, ಸೂತಕ, ಏನು ಬೇಕಾದರೂ ಹೇಳಬಹುದಿತ್ತು, ನಂಬುತ್ತಿದ್ದಳು. ಆ ನಂಬಿಕೆಯೇ ನನ್ನನ್ನು ಹಿಡಿದು ಹಾಕಿತು.

"ಅಂಥ ನಿಯಮ ಯಾವತ್ತೂ ಇರಲಿಲ್ಲ ಯಾಲಿಂಗ್," ಅಂದೆ. "ಹೊಟ್ಟೆಕಿಚ್ಚಿಗೆ ಹೇಳಿದೆ. ಎಲ್ಲರೂ ನಿನ್ನನ್ನೇ ಕೇಳ್ತಿದ್ರು. ನೀನು ಹೋಗಬಾರದು ಅನ್ನಿಸ್ತು. ಅಷ್ಟೇ."

ಅವಳು ತನ್ನ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಎದ್ದು ಹೋದಳು. ಮೂರು ವಾರ ಕೊಳದ ಸುತ್ತ ನಾನೊಬ್ಬಳೇ ನಡೆದೆ. ಗ್ರೆಗ್‌ಗೆ ಹೇಳುತ್ತಾಳೆ ಅಂದುಕೊಂಡಿದ್ದೆ, ಹೇಳಲಿಲ್ಲ. ಡಬ್ಬಿ ಅವಳ ಮೇಜಿನ ಮೇಲೆಯೇ ಇತ್ತು, ತೆರೆಯದೆ.

ನಾಲ್ಕನೆಯ ವಾರ, ಸಂಘದ ಸಂಕ್ರಾಂತಿ ಮುಗಿದ ಸೋಮವಾರ, ಅವಳು ಖಾಲಿ ಡಬ್ಬಿ ತೊಳೆದು ತಂದು ನನ್ನ ಮುಂದಿಟ್ಟಳು. ಕುರ್ಚಿ ಎಳೆದು ಪಕ್ಕ ಕೂತು, ನನ್ನ ಮೌಸ್ ಕಿತ್ತುಕೊಂಡು, ಟೀಮಿನ ಆನ್‌ಕಾಲ್ ಕ್ಯಾಲೆಂಡರ್ ತೆರೆದಳು. ಮುಂದೆ, ಮುಂದೆ, ಇನ್ನೂ ಮುಂದೆ ಒತ್ತುತ್ತಾ 2028ರ ಜನವರಿಗೆ ಹೋಗಿ ನಿಂತಳು.

"ನಮ್ಮ ಮುಂದಿನ ಎಲೆಕ್ಷನ್. ಡೇಟ್ ಇನ್ನೂ ಗೊತ್ತಿಲ್ಲ. ಇಡೀ ತಿಂಗಳು ನೀನೇ." ಖಾಲಿ ಚೌಕದಲ್ಲಿ ನನ್ನ ಹೆಸರನ್ನು ಟೈಪ್ ಮಾಡಿದಳು, ತಿಂಗಳ ಕೊನೆಯವರೆಗೂ ಎಳೆದಳು. "ಅಪ್ಪನಿಗೆ ಆಗ ಎಪ್ಪತ್ತೈದು. ಯಾವ ಹಬ್ಬವೂ ಬರಬಾರದು."

"ಬರಲ್ಲ," ಅಂದೆ.

ಎಳ್ಳು ಸ್ವಲ್ಪ ಸೀದುಹೋಯಿತು ಮೊನ್ನೆ, ಇದನ್ನೆಲ್ಲ ನೆನೆಯುತ್ತಾ. ಹೊರದೇಶದವರ ಫಾರಂ ಇಳಿಸಿಕೊಂಡು ಹೆಸರು, ವಿಳಾಸ ತುಂಬಿ ಒಂದು ವರ್ಷವಾಯಿತು, ಕಳಿಸಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚೂ ಹೋಗಿಲ್ಲ. ಕಾಯುವವರಿದ್ದಾರೆ, ಹೋಗುವ ದಿನವಿದೆ, ಒತ್ತುವ ಮುದ್ರೆಯಿದೆ ಅವಳಿಗೆ. ಆಗಾಗ ಕೆಲಸದ ನಡುವೆ ಆ ಕ್ಯಾಲೆಂಡರ್ ತೆರೆದು 2028ಕ್ಕೆ ಹೋಗಿ ನೋಡುತ್ತೇನೆ. ನನ್ನ ಹೆಸರು ಹಾಗೆಯೇ ಇದೆ, ಯಾರೂ ಹೊಡೆದುಹಾಕಿಲ್ಲ. ಚುನಾವಣೆಗೆಂದು ನನ್ನ ಹೆಸರು ಬರೆದಿಟ್ಟಿರುವ ಪಟ್ಟಿ ಈ ಭೂಮಿಯ ಮೇಲೆ ಸದ್ಯಕ್ಕೆ ಅದೊಂದೇ.